ಪಟ್ಟಿಯಲ್ಲಿ ಹೆಸರು ಮೊದಲು, ಮತಗಟ್ಟೆ ಆಮೇಲೆ: ಮುಂಬೈ ಕನ್ನಡಿಗರ ಮತ ಉಳಿಸುವ ಸಮಗ್ರ ಮಾರ್ಗದರ್ಶಿ

2024ರ ಮೇ 20ರ ಸೋಮವಾರ, ಲೋಕಸಭೆಗೆ ಮುಂಬೈಯಲ್ಲಿ ಮತದಾನ ನಡೆದ ದಿನ, ನಾನು ಸಾಲು ಕೋಣೆಗಳ ವಠಾರವಾದ ನಮ್ಮ ಚಾಳಿನ ಏಳು ಮಂದಿಯನ್ನು ಜೊತೆ ಮಾಡಿಕೊಂಡು ಮತಗಟ್ಟೆಗೆ ಹೋಗಿದ್ದೆ. ಏಳೂ ಮಂದಿಯ ಕೈಯಲ್ಲಿ ಮತದಾರರ ಗುರುತಿನ ಚೀಟಿ ಇತ್ತು. ಮೂವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆ ಮೂವರಲ್ಲಿ ಹಿರಿಯರೊಬ್ಬರು ಬಿಸಿಲಿನಲ್ಲಿ ನಿಂತು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತ, "ಇದು ಸರಕಾರವೇ ಕೊಟ್ಟದ್ದಲ್ಲವಾ?" ಎಂದು ಕೇಳಿದಾಗ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ತಪ್ಪು ನನ್ನದೇ ಆಗಿತ್ತು. ಬನ್ನಿ, ಮತ ಹಾಕಿ ಎಂದು ಎರಡು ತಿಂಗಳು ಮನೆಮನೆ ತಿರುಗಿದ ನಾನು ಒಬ್ಬರ ಹೆಸರನ್ನೂ ಪಟ್ಟಿಯಲ್ಲಿ ಹುಡುಕಿ ನೋಡಿರಲಿಲ್ಲ.

ಕನ್ನಡ ಸಂಘಗಳ ಕಾರ್ಯಕರ್ತರು ವರ್ಷವರ್ಷವೂ ಎಡವುವುದು ಇಲ್ಲಿಯೇ. ಮತ ಕೈತಪ್ಪುವುದು ಮತದಾನದ ದಿನವಲ್ಲ, ಅದಕ್ಕೂ ತಿಂಗಳುಗಳ ಮೊದಲು. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಜನರನ್ನು ಹುರಿದುಂಬಿಸುವ ಕೆಲಸ ಎಂಟನೆಯ ಹಂತದಲ್ಲಿ ಬರುತ್ತದೆಯೇ ಹೊರತು ಮೊದಲನೆಯದರಲ್ಲಿ ಅಲ್ಲ.

ಬೇಕಾಗುವ ಸಾಮಗ್ರಿ

ಇಂಟರ್ನೆಟ್ ಇರುವ ಎರಡು ಮೊಬೈಲು, ಅವುಗಳಲ್ಲಿ ಚುನಾವಣಾ ಆಯೋಗದ ಇಸಿಐನೆಟ್ ಆ್ಯಪ್ (ಹಿಂದಿನ ವೋಟರ್ ಹೆಲ್ಪ್‌ಲೈನ್), ಗೆರೆ ಹಾಕಿದ ಒಂದು ದಪ್ಪ ನೋಟ್‌ಬುಕ್, ಮರಾಠಿಯನ್ನು ತಡವರಿಸದೆ ಓದಬಲ್ಲ ಒಬ್ಬರು ಮತ್ತು ಊರಿನ ಹಿನ್ನೆಲೆ ಬಲ್ಲ ಇನ್ನೊಬ್ಬರು. ಕರಾವಳಿಯ ಹೋಟೆಲು ನೌಕರರ ನಡುವೆ ಕೆಲಸವಾದರೆ ತುಳು ಅಥವಾ ಕುಂದಾಪುರದ ಮಾತು ಬಲ್ಲವರು, ಕಲಬುರಗಿ, ಯಾದಗಿರಿ, ವಿಜಯಪುರದ ಕಟ್ಟಡ ಕಾರ್ಮಿಕರ ನಡುವೆಯಾದರೆ ಆ ಕಡೆಯ ಮಾತಿನವರು ಇರುವುದು ಒಳ್ಳೆಯದು. ಕೇವಲ ವಿನಯದ ಮಾತಲ್ಲ ಇದು. ತಂದೆಯ ಹೆಸರು, ಮನೆತನದ ಹೆಸರು, ಊರಿನ ಹೆಸರು ಇವುಗಳಲ್ಲಿ ಯಾವುದು ಯಾವುದೆಂದು ಗೊತ್ತಿಲ್ಲದವರು ನಮೂನೆ ತುಂಬಿಸಿದರೆ ತಪ್ಪಾಗುವುದು ಖಚಿತ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ಯಾರ ಆಧಾರ್ ಪ್ರತಿಯನ್ನೂ ನಿಮ್ಮ ಬಳಿ ಇಟ್ಟುಕೊಳ್ಳಬೇಡಿ. ದಾಖಲೆಯ ಫೋಟೋ ತೆಗೆದಿದ್ದರೆ, ಅರ್ಜಿ ಸಲ್ಲಿಕೆಯಾದ ಕೂಡಲೇ ಅವರ ಕಣ್ಣೆದುರಿಗೇ ಅಳಿಸಿ. ನೋಟ್‌ಬುಕ್ಕಿನಲ್ಲಿ ಹೆಸರು, ಖೋಲಿ ಸಂಖ್ಯೆ, ಅರ್ಜಿಯ ಉಲ್ಲೇಖ ಸಂಖ್ಯೆ, ದಿನಾಂಕ ಇವಿಷ್ಟೇ ಸಾಕು. ಯಾವ ಪಕ್ಷಕ್ಕೆ ಮತ ಹಾಕುತ್ತಾರೆಂಬುದು ಆ ಪುಸ್ತಕದ ಹತ್ತಿರವೂ ಸುಳಿಯಬಾರದು.

ಹಂತ 1: ಪ್ರದೇಶವನ್ನು ಚಿಕ್ಕದಾಗಿಟ್ಟುಕೊಳ್ಳುವುದು

ಮುಂಬೈ ನಗರ ಜಿಲ್ಲೆಯಲ್ಲಿ 10, ಉಪನಗರ ಜಿಲ್ಲೆಯಲ್ಲಿ 26, ಒಟ್ಟು 36 ವಿಧಾನಸಭಾ ಕ್ಷೇತ್ರಗಳಿವೆ. ಪ್ರತಿ ಕ್ಷೇತ್ರದ ಪಟ್ಟಿಯೂ ಮತಗಟ್ಟೆಗೊಂದರಂತೆ ಭಾಗಗಳಾಗಿ ಒಡೆದಿರುತ್ತದೆ. ಮಾಟುಂಗಾ, ವಡಾಲಾ, ಸಯನ್ ಎಂದು ಇಡೀ ಬಡಾವಣೆಯನ್ನು ವಹಿಸಿಕೊಂಡ ತಂಡಗಳು ಮೂರು ವಾರದೊಳಗೆ ಕೈಚೆಲ್ಲುವುದನ್ನು ನೋಡಿದ್ದೇನೆ. ಒಂದು ಚಾಳು ಅಥವಾ ಎರಡು ಕಟ್ಟಡ, ಹೆಚ್ಚೆಂದರೆ ಪಟ್ಟಿಯ ಒಂದು ಭಾಗ ಸಾಕು.

ಆ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಯಾರೆಂದು ಮೊದಲು ತಿಳಿದುಕೊಳ್ಳಿ. ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ (voters.eci.gov.in) ಅವರ ವಿವರ ಸಿಗುತ್ತದೆ. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿಯೂ ಕೇಳಬಹುದು. ಅವರು ಸಾಮಾನ್ಯವಾಗಿ ಶಿಕ್ಷಕರೋ ಪಾಲಿಕೆಯ ನೌಕರರೋ ಆಗಿದ್ದು, ತಮ್ಮ ಕೆಲಸದ ಜೊತೆಗೆ ಇದನ್ನೂ ಹೊರುವವರು. ಮೊದಲ ಭೇಟಿಯಲ್ಲಿ ದೂರು ಹೇಳದೆ, ನಿಮ್ಮ ಕಟ್ಟಡಕ್ಕೆ ಅವರು ಬರುವ ದಿನ ಯಾವುದೆಂದು ಕೇಳಿ, ಆ ದಿನ ಮನೆಮನೆಯಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳುತ್ತೇವೆ ಎಂದು ಹೇಳಿದರೆ ಮುಂದಿನ ಅರ್ಧ ಕೆಲಸ ಹಗುರಾಗುತ್ತದೆ.

ಹಂತ 2: ಪಟ್ಟಿಯಲ್ಲಿ ಹೆಸರು ಹುಡುಕುವುದು

ಪೋರ್ಟಲ್‌ನಲ್ಲಿ ಮೂರು ಬಗೆಯಲ್ಲಿ ಹುಡುಕಬಹುದು: ಗುರುತಿನ ಚೀಟಿಯ ಸಂಖ್ಯೆಯಿಂದ, ಹೆಸರು ಮತ್ತು ವಯಸ್ಸಿನ ವಿವರದಿಂದ, ನೋಂದಾಯಿತ ಮೊಬೈಲ್ ಸಂಖ್ಯೆಯಿಂದ. ಚೀಟಿಯ ಸಂಖ್ಯೆ ಇದ್ದರೆ ಅದರಿಂದಲೇ ಆರಂಭಿಸಿ. ಅದರಲ್ಲಿ ಕಾಗುಣಿತದ ತೊಡಕಿಲ್ಲ. ಸಂಖ್ಯೆಯಿಂದ ಸಿಗದಿದ್ದರೆ ಹೆಸರು ಹೋಗಿಯೇಬಿಟ್ಟಿದೆ ಎಂದು ತೀರ್ಮಾನಿಸಬೇಡಿ. ವಿವರದಿಂದ ಹುಡುಕಿ, ಆಮೇಲೆ ಆ ಭಾಗದ ಪಟ್ಟಿಯನ್ನೇ ಇಳಿಸಿಕೊಂಡು ಬೆರಳಿಟ್ಟು ಸಾಲುಸಾಲಾಗಿ ಓದಿ.

ನಮ್ಮವರ ಹೆಸರು ತಪ್ಪಿಸಿಕೊಳ್ಳುವುದಕ್ಕೆ ಒಂದು ವಿಶೇಷ ಕಾರಣವಿದೆ. ಕರ್ನಾಟಕದ ಹಲವು ದಾಖಲೆಗಳಲ್ಲಿ ಇನಿಶಿಯಲ್ ಮೊದಲು ಬಂದು ಹೆಸರು ಆಮೇಲೆ ಬರುತ್ತದೆ. ಮಹಾರಾಷ್ಟ್ರದ ಪದ್ಧತಿಯಲ್ಲಿ ತನ್ನ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳು ಬೇಕು. ಅಡ್ಡಹೆಸರೇ ಇಲ್ಲದ ಬಸಪ್ಪನವರು ಅರ್ಜಿಯಲ್ಲಿ ಅಡ್ಡಹೆಸರಿನ ಅಂಕಣಕ್ಕೆ ಊರಿನ ಹೆಸರು ಬರೆದು, ಪಟ್ಟಿಯಲ್ಲಿ ಊರಿನ ಹೆಸರಿನವರೇ ಆಗಿಬಿಡುತ್ತಾರೆ. ಮೇಲಾಗಿ ಪಟ್ಟಿ ದೇವನಾಗರಿಯಲ್ಲಿದ್ದಾಗ ನಮ್ಮ ಎ ಮತ್ತು ಏ, ಒ ಮತ್ತು ಓ ಒಂದೇ ಅಕ್ಷರಕ್ಕೆ ಇಳಿಯುತ್ತವೆ. ಒತ್ತಕ್ಷರ ಅರ್ಧಕ್ಕೆ ನಿಲ್ಲುತ್ತದೆ. ಹೊನ್ನಪ್ಪ ಹೋನಪ ಆಗುತ್ತಾನೆ. ಆದ್ದರಿಂದ ಪ್ರತಿ ಹೆಸರನ್ನೂ ಕನಿಷ್ಠ ಮೂರು ಬಗೆಯ ಕಾಗುಣಿತದಲ್ಲಿ ಹುಡುಕಬೇಕು, ಅಷ್ಟಕ್ಕೂ ಸಿಗದಿದ್ದರೆ ತಂದೆ ಅಥವಾ ಗಂಡನ ಹೆಸರಿನಿಂದ ಹುಡುಕಬೇಕು.

ಅಪಾಯದ ಸೂಚನೆಗಳು ಇವು: ಗಂಡನ ಹೆಸರಿದೆ, ಹೆಂಡತಿಯದಿಲ್ಲ, ಹೆಸರಿದೆ, ಫೋಟೋ ಬೇರೆಯವರದು, ಹೆಸರಿನ ಮೇಲೆ ತೆಗೆದುಹಾಕಲಾಗಿದೆ ಎಂಬ ಗುರುತಿದೆ, ಒಬ್ಬರದೇ ಹೆಸರು ಎರಡು ಕಡೆ ಇದೆ. ಪುನರಾಭಿವೃದ್ಧಿಗಾಗಿ ಕೆಡವಿದ ಚಾಳಿನವರ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಬಿಎಲ್‌ಒ ಬಂದಾಗ ಅಲ್ಲಿ ಕಟ್ಟಡವೇ ಇಲ್ಲದಿದ್ದರೆ ಇಡೀ ಚಾಳಿನವರು ಸ್ಥಳಾಂತರಗೊಂಡವರೆಂದು ದಾಖಲಾಗಬಹುದು. ಸಂಕ್ರಮಣ ಶಿಬಿರಕ್ಕೋ (ತಾತ್ಕಾಲಿಕ ವಸತಿಯ ಟ್ರಾನ್ಸಿಟ್ ಕ್ಯಾಂಪ್) ಬಾಡಿಗೆ ಮನೆಗೋ ಹೋದವರು ಈಗಿನ ವಿಳಾಸಕ್ಕೆ ಹೆಸರು ವರ್ಗಾಯಿಸಿಕೊಳ್ಳುವುದೇ ಸುರಕ್ಷಿತ.

ಹಂತ 3: ಊರಿನ ಮತವೋ ಮುಂಬೈಯ ಮತವೋ ಎಂದು ನಿರ್ಧರಿಸುವುದು

ಹುಡುಕಾಟ ಮುಗಿದಾಗ ನಿಮ್ಮ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಜನರ ಹೆಸರಿನ ಮುಂದೆ "ಊರಿನಲ್ಲಿದೆ" ಎಂದು ಬರೆದಿದ್ದರೆ ಆಶ್ಚರ್ಯಪಡಬೇಡಿ. ಇಪ್ಪತ್ತೈದು ವರ್ಷದಿಂದ ಅಂಧೇರಿಯ ಹೋಟೆಲಿನಲ್ಲಿ ದುಡಿಯುತ್ತಿರುವವರ ಮತ ಇನ್ನೂ ಬೈಂದೂರಿನಲ್ಲೋ ಸಿಂದಗಿಯಲ್ಲೋ ಇರುತ್ತದೆ, ಮತ್ತು ಅವರು ಅಲ್ಲೂ ಹಾಕುವುದಿಲ್ಲ, ಇಲ್ಲೂ ಹಾಕುವುದಿಲ್ಲ.

ಕಾನೂನು ಸ್ಪಷ್ಟವಾಗಿದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿ, ಅದೂ ಒಂದೇ ಬಾರಿ ಇರಬೇಕು. ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀರೋ ಅಲ್ಲಿ ಹೆಸರು ಇರಬೇಕು. ಊರಿನಲ್ಲಿ ಸ್ವಂತ ಮನೆ ಇದೆ ಎಂಬ ಕಾರಣವೊಂದರಿಂದಲೇ ಅಲ್ಲಿನ ನಿವಾಸಿಯಾಗುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ನಿವಾಸ ತಪ್ಪುವುದೂ ಇಲ್ಲ. ಹೀಗಾಗಿ ಬೇಸಿಗೆಯ ನಾಲ್ಕು ತಿಂಗಳು ಕಟ್ಟಡ ಕೆಲಸಕ್ಕೆ ಬಂದು ಮಳೆಗಾಲಕ್ಕೆ ಹೊಲಕ್ಕೆ ಮರಳುವ ಕುಟುಂಬದ ಮತವನ್ನು ಊರಿನಿಂದ ಕೀಳಿಸಬೇಡಿ. ಅಂಥವರಿಗೆ ಊರಿನ ಮತದಾನದ ದಿನಾಂಕವನ್ನು ನೆನಪಿಸಿ ಪ್ರಯಾಣಕ್ಕೆ ಮುಂಚಿತವಾಗಿ ಟಿಕೆಟ್ ತೆಗೆಸಿಕೊಡುವುದೇ ಸರಿಯಾದ ಸಹಾಯ.

2024ರಲ್ಲಿ ಉಡುಪಿ, ದಕ್ಷಿಣ ಕನ್ನಡದಲ್ಲಿ ಏಪ್ರಿಲ್ 26ರಂದು, ಉತ್ತರ ಕರ್ನಾಟಕದಲ್ಲಿ ಮೇ 7ರಂದು, ಮುಂಬೈಯಲ್ಲಿ ಮೇ 20ರಂದು ಮತದಾನವಾಯಿತು. ದಿನಾಂಕ ಬೇರೆಯಾದ್ದರಿಂದ ಎರಡೂ ಕಡೆ ಹಾಕಬಹುದಲ್ಲ ಎಂದು ಮುಗ್ಧವಾಗಿ ಕೇಳಿದವರಿದ್ದಾರೆ. ಒಂದೇ ಬಗೆಯ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ಮತ ಹಾಕುವಂತಿಲ್ಲ ಎಂಬುದನ್ನು ಅವರಿಗೆ ನೇರವಾಗಿ ಹೇಳಬೇಕು.

ವರ್ಗಾವಣೆಗೆ ಜನ ಹಿಂಜರಿಯುವುದು ಹೆಚ್ಚಾಗಿ ಭಯದಿಂದ. ಪಹಣಿಯಿಂದ ಹೆಸರು ಹೋಗುತ್ತದೆಯೇ, ಅಪ್ಪನ ಮನೆಯ ಪಾಲು ತಪ್ಪುತ್ತದೆಯೇ ಎಂದು ಕೇಳುತ್ತಾರೆ. ಆಸ್ತಿಯ ಹಕ್ಕಿಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ ಎಂದು ಖಚಿತವಾಗಿ ಹೇಳಬಹುದು. ಆದರೆ ಊರಿನ ಗ್ರಾಮ ಪಂಚಾಯಿತಿಯ ಮತ ಹೋಗುತ್ತದೆ, ಅಲ್ಲಿ ಸ್ಪರ್ಧಿಸುವ ಅವಕಾಶವೂ ಹೋಗುತ್ತದೆ, ಅದನ್ನು ಮುಚ್ಚಿಡಬಾರದು. ಎರಡನ್ನೂ ಹೇಳಿ, ಒಂದು ವಾರ ಸಮಯ ಕೊಟ್ಟು, ನಿರ್ಧಾರವನ್ನು ಅವರಿಗೇ ಬಿಡಿ.

ಹಂತ 4: ಸರಿಯಾದ ನಮೂನೆ ಆರಿಸುವುದು

ನಮೂನೆ 6 ಎಲ್ಲಿಯೂ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾತ್ರ. ಊರಿನಿಂದ ಮುಂಬೈಗೆ, ಮುಂಬೈಯ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೆಸರು ವರ್ಗಾಯಿಸಲು, ಹೆಸರಿನ ತಪ್ಪು ತಿದ್ದಲು, ಕಳೆದುಹೋದ ಚೀಟಿ ಮತ್ತೆ ಪಡೆಯಲು ನಮೂನೆ 8. ರಾಜ್ಯ ಬದಲಾದರೂ ನಮೂನೆ 8 ಸಾಕು. 2022ರ ಆಗಸ್ಟ್‌ಗೆ ಮೊದಲಿನ ಪದ್ಧತಿಯನ್ನು ನೆನಪಿಟ್ಟುಕೊಂಡವರು ಇಂದಿಗೂ ವರ್ಗಾವಣೆಗೆ ನಮೂನೆ 6 ತುಂಬಿಸುತ್ತಾರೆ, ಮತ್ತು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಇದೇ.

ಇದು ಸಣ್ಣ ತಪ್ಪಲ್ಲ. ಹೊಸದಾಗಿ ಹೆಸರು ಸೇರಿಸುವ ಅರ್ಜಿಯ ಕೊನೆಯಲ್ಲಿ ಬೇರೆಲ್ಲಿಯೂ ನನ್ನ ಹೆಸರು ಇಲ್ಲ ಎಂಬ ಅರ್ಥದ ಘೋಷಣೆ ಇರುತ್ತದೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಮರಾಠಿ ಓದಲಾರದ ಹೆಣ್ಣುಮಗಳಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ಆ ಘೋಷಣೆಯನ್ನು ವಾಕ್ಯವಾಕ್ಯವಾಗಿ ಕನ್ನಡದಲ್ಲಿ ಓದಿ ಹೇಳಿ. ನಮ್ಮ ಮೇಜಿನ ಮುಂದೆ ಹೀಗೆ ಓದಿ ಹೇಳಿದಾಗ ಸೇಡಂ ಕಡೆಯ ಒಬ್ಬ ತಾಯಿ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, "ಊರಾಗ ಐತ್ರೀ ನಂದು, ಮದ್ವಿ ಆದ ವರ್ಷ ಬರ್ಸಿದ್ರು" ಎಂದರು. ಅಲ್ಲಿಯವರೆಗೆ ಅವರನ್ನು ಹೊಸ ಮತದಾರರೆಂದೇ ಎಲ್ಲರೂ ತಿಳಿದಿದ್ದೆವು.

ಈಗಾಗಲೇ ಎರಡು ಕಡೆ ಹೆಸರಿರುವವರು ನಮೂನೆ 7ರಲ್ಲಿ ತಮ್ಮದೇ ಹೆಸರನ್ನು ಒಂದು ಕಡೆಯಿಂದ ತೆಗೆಯಲು ಕೋರಬಹುದು. ಇನ್ನೊಬ್ಬರ ಹೆಸರು ತೆಗೆಸಲೂ ಇದೇ ನಮೂನೆ ಬಳಕೆಯಾಗುವುದರಿಂದ, ನಿಮ್ಮ ಚಾಳಿನವರಿಗೆ ಆಕ್ಷೇಪಣೆಯ ನೋಟಿಸು ಬಂದರೆ ಅದನ್ನು ಕಪಾಟಿಗೆ ಸೇರಿಸದೆ, ಹೇಳಿದ ದಿನಾಂಕಕ್ಕೆ ವಾಸದ ದಾಖಲೆಯೊಂದಿಗೆ ವಿಚಾರಣೆಗೆ ಹಾಜರಾಗುವಂತೆ ನೋಡಿಕೊಳ್ಳಿ. ಹೋಗದಿದ್ದರೆ ಹೆಸರು ಹೋಗುತ್ತದೆ.

ಹದಿನೆಂಟು ತುಂಬುವವರಿಗೆ ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು.

ಹಂತ 5: ದಾಖಲೆ ಹೊಂದಿಸುವುದು

ವಯಸ್ಸಿಗೆ ಜನನ ಪ್ರಮಾಣಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್, ಪ್ಯಾನ್, ಚಾಲನಾ ಪರವಾನಗಿ ಇಂಥವುಗಳಲ್ಲಿ ಒಂದು. ವಿಳಾಸಕ್ಕೆ ವಿದ್ಯುತ್, ನೀರು ಅಥವಾ ಗ್ಯಾಸ್ ಬಿಲ್ಲು, ಬ್ಯಾಂಕು ಅಥವಾ ಅಂಚೆ ಕಚೇರಿಯ ಪಾಸ್‌ಬುಕ್, ಆಧಾರ್, ನೋಂದಾಯಿತ ಬಾಡಿಗೆ ಕರಾರು.

ತೊಡಕು ಬರುವುದು ಆಧಾರ್‌ನಲ್ಲಿ ಊರಿನ ವಿಳಾಸವೇ ಇದ್ದಾಗ. ಅಂಥ ಆಧಾರ್ ಮುಂಬೈಯ ವಿಳಾಸಕ್ಕೆ ದಾಖಲೆಯಾಗುವುದಿಲ್ಲ ಎಂಬ ಸರಳ ಸಂಗತಿಯನ್ನು ಮರೆತು ಸಲ್ಲಿಸಿದ ಅರ್ಜಿಗಳು ಸಾಲುಸಾಲಾಗಿ ತಿರಸ್ಕೃತವಾಗುತ್ತವೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವಿಳಾಸ ಬದಲಾಯಿಸಿಕೊಳ್ಳುವುದು ಹಲವರಿಗೆ ಸುಲಭದ ದಾರಿ. ಬಾಡಿಗೆದಾರರಿಗೆ ಮನೆಮಾಲೀಕರು ಕರಾರು ನೋಂದಾಯಿಸದೆ ಬರೀ ಸ್ಟಾಂಪು ಕಾಗದ ಕೊಟ್ಟಿದ್ದರೆ, ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯವೆಂದೂ ಅದು ಮಾಲೀಕರ ಹೊಣೆಯೆಂದೂ ಮರ್ಯಾದೆಯಿಂದ ತಿಳಿಸಿ.

ಹೋಟೆಲಿನ ಅಟ್ಟದ ಮೇಲೆ ಮಲಗುವ ಹುಡುಗರ ಹೆಸರಿನಲ್ಲಿ ಬಿಲ್ಲೂ ಇಲ್ಲ, ಕರಾರೂ ಇಲ್ಲ. ಆದರೆ ದಾಖಲೆ ಇಲ್ಲದ ಮಾತ್ರಕ್ಕೆ ಅರ್ಹತೆ ತಪ್ಪುವುದಿಲ್ಲ. ಬಿಎಲ್‌ಒ ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಬೀದಿಬದಿಯಲ್ಲಿ ಮಲಗುವವರ ವಿಷಯದಲ್ಲಿಯೂ ಅವರು ಹೇಳಿದ ಜಾಗದಲ್ಲೇ ಮಲಗುತ್ತಾರೆಯೇ ಎಂದು ರಾತ್ರಿ ಬಂದು ನೋಡುವ ವ್ಯವಸ್ಥೆ ಇದೆ. ಇಲ್ಲಿ ಕಾರ್ಯಕರ್ತರ ಕೆಲಸವೆಂದರೆ ಹೋಟೆಲು ಮಾಲೀಕರೊಂದಿಗೆ ಮೊದಲೇ ಮಾತನಾಡಿ, ಬಿಎಲ್‌ಒ ಬಂದಾಗ ಗಲ್ಲೆಯಲ್ಲಿ ಕುಳಿತವರು "ಇಲ್ಲಿ ಯಾರೂ ಇರುವುದಿಲ್ಲ" ಎಂದು ಹೇಳಿ ಕಳಿಸದಂತೆ ನೋಡಿಕೊಳ್ಳುವುದು.

ಹಂತ 6: ಸಲ್ಲಿಸುವುದು, ಬೆನ್ನುಹತ್ತುವುದು

ಅರ್ಜಿಯನ್ನು ಪೋರ್ಟಲ್, ಆ್ಯಪ್ ಅಥವಾ ಬಿಎಲ್‌ಒ ಮೂಲಕ ಸಲ್ಲಿಸಬಹುದು, ಶುಲ್ಕವಿಲ್ಲ. ಎಲ್ಲರ ಅರ್ಜಿ ತುಂಬಿಸಿ ಒಟ್ಟಿಗೆ ಕಟ್ಟು ಕಟ್ಟಿ ಕಚೇರಿಗೆ ಒಯ್ಯಬೇಡಿ. ಒಬ್ಬರೇ ರಾಶಿಯಾಗಿ ತಂದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ಒಂದೇ ಮನೆಯವರದನ್ನು ಮನೆಯವರೊಬ್ಬರು ಕೊಡಬಹುದು. ಅರ್ಜಿಯಲ್ಲಿ ಅರ್ಜಿದಾರರದೇ ಮೊಬೈಲ್ ಸಂಖ್ಯೆ ಇರಲಿ. ಅನುಕೂಲಕ್ಕೆಂದು ಕಾರ್ಯಕರ್ತರ ಸಂಖ್ಯೆ ಹಾಕಿದರೆ, ಆರು ತಿಂಗಳ ನಂತರ ಬಿಎಲ್‌ಒ ಕರೆ ಬಂದಾಗ ಯಾರ ಅರ್ಜಿ ಯಾವುದೆಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಉಲ್ಲೇಖ ಸಂಖ್ಯೆಯನ್ನು ಅಂದೇ ನೋಟ್‌ಬುಕ್ಕಿಗೆ ಬರೆದುಕೊಳ್ಳಿ ಮತ್ತು ವಾರಕ್ಕೊಮ್ಮೆ, ಒಂದು ನಿಗದಿತ ದಿನ, ಎಲ್ಲ ಸಂಖ್ಯೆಗಳ ಸ್ಥಿತಿ ನೋಡಿ. ಆಕ್ಷೇಪಣೆಗೆ ಏಳು ದಿನದ ಅವಕಾಶವಿರುವುದರಿಂದ ಅದಕ್ಕೂ ಮೊದಲು ಆದೇಶ ನಿರೀಕ್ಷಿಸಬೇಡಿ. ತಿರಸ್ಕೃತವಾದರೆ ಕಾರಣ ಓದಿ. ದಾಖಲೆಯ ಕೊರತೆಯಾದರೆ ಮತ್ತೆ ಅರ್ಜಿ ಹಾಕುವುದು ಬೇಗದ ದಾರಿ. ಕಾರಣ ಅನ್ಯಾಯವೆನಿಸಿದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ, ಆಮೇಲೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಪರಿಶೀಲನೆಗೆ ಬೇಕಾದ ಸಮಯವನ್ನೂ ಲೆಕ್ಕ ಹಾಕಿದರೆ, ದಿನಾಂಕ ಘೋಷಣೆಯಾದ ಮೇಲೆ ಓಡಾಡುವವರಿಗೆ ಉಳಿಯುವ ಕಾಲ ತೀರ ಕಡಿಮೆ.

ಹಂತ 7: ಪಾಲಿಕೆ ಚುನಾವಣೆಯ ವ್ಯತ್ಯಾಸ ತಿಳಿದುಕೊಳ್ಳುವುದು

ಪಾಲಿಕೆ ಚುನಾವಣೆಯನ್ನು ನಡೆಸುವುದು ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ. ಅದು ಹೊಸ ಪಟ್ಟಿ ಮಾಡುವುದಿಲ್ಲ. ಒಂದು ನಿಗದಿತ ದಿನಾಂಕದ ವಿಧಾನಸಭಾ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತದೆ. ಆ ದಿನಾಂಕದ ನಂತರ ಸೇರಿದ ಹೆಸರು ಆ ಪಾಲಿಕೆ ಚುನಾವಣೆಗೆ ಸಿಗುವುದಿಲ್ಲ. ಒಡೆಯುವಾಗ ರಸ್ತೆಯ ಈ ಬದಿಯ ಕಟ್ಟಡ ಆ ಬದಿಯ ವಾರ್ಡಿಗೆ ಹೋಗುವುದುಂಟು, ಆದ್ದರಿಂದ ವಾರ್ಡಿನ ಕರಡು ಪಟ್ಟಿ ಪ್ರಕಟವಾದ ಕೂಡಲೇ ಮತ್ತೊಮ್ಮೆ ನೋಡಿ, ಆಕ್ಷೇಪಣೆಯ ಅವಧಿಯಲ್ಲೇ ಬರೆದುಕೊಡಿ.

ಮುಂಬೈ ಪಾಲಿಕೆಯ 227 ವಾರ್ಡುಗಳಲ್ಲಿ ವಾರ್ಡಿಗೆ ಒಬ್ಬರೇ ಸದಸ್ಯರು. ಠಾಣೆ, ಕಲ್ಯಾಣ–ಡೊಂಬಿವಲಿಯಂಥ ನೆರೆಯ ಪಾಲಿಕೆಗಳಲ್ಲಿ ಬಹುಸದಸ್ಯ ಪ್ರಭಾಗ (ಒಂದೇ ವಾರ್ಡಿಗೆ ಹಲವು ಸದಸ್ಯರು) ಇರುವುದರಿಂದ ಒಬ್ಬ ಮತದಾರರು ಒಂದಕ್ಕಿಂತ ಹೆಚ್ಚು ಸ್ಥಾನಗಳಿಗೆ ಗುಂಡಿ ಒತ್ತಬೇಕು. ಒಂದೇ ಒತ್ತಿ ಹೊರಟುಬಿಡುವುದು ಡೊಂಬಿವಲಿಯ ನಮ್ಮ ಹಿರಿಯರಲ್ಲಿ ಸಾಮಾನ್ಯ ತಪ್ಪು; ಕಾಗದದ ಮೇಲೆ ಚಿತ್ರ ಬರೆದು ಮೊದಲೇ ತೋರಿಸಿ.

ಹಂತ 8: ಮತ ಹಾಕುವಂತೆ ಮಾತನಾಡಿಸುವುದು

ಕರ್ತವ್ಯ, ಪ್ರಜಾಪ್ರಭುತ್ವದ ಹಬ್ಬ ಎಂಬ ಮಾತುಗಳಿಂದ ಬೆಳಗಿನ ಐದಕ್ಕೆ ಇಡ್ಲಿ ಹಂಡೆ ಏರಿಸುವ ಮನುಷ್ಯ ಮತಗಟ್ಟೆಗೆ ಬರುವುದಿಲ್ಲ. ಅವರಿಗೆ ಬೇಕಾದುದು ಯಾವ ಹೊತ್ತಿಗೆ ಹೋಗುವುದು, ಆಗ ಒಲೆಯ ಮುಂದೆ ಯಾರು ನಿಲ್ಲುವುದು ಎಂಬ ಏರ್ಪಾಡು. ಆದ್ದರಿಂದ "ಮತ ಹಾಕುತ್ತೀರಾ?" ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. "ಎಷ್ಟು ಗಂಟೆಗೆ, ಯಾರ ಜೊತೆ, ಯಾವ ದಾರಿಯಲ್ಲಿ?" ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ.

ವಿಷಯ ಬೇಕೆನ್ನುವವರೊಂದಿಗೆ ಅವರ ಗಲ್ಲಿಯ ವಿಷಯವನ್ನೇ ಮಾತನಾಡಿ: ನಲ್ಲಿಗೆ ನೀರು ಬರುವ ಹೊತ್ತು, ಸಾರ್ವಜನಿಕ ಶೌಚಾಲಯದ ಬಾಗಿಲು, ಪಾಲಿಕೆ ನಡೆಸುವ ಕನ್ನಡ ಮಾಧ್ಯಮದ ಶಾಲೆ. ಇವುಗಳ ಬಗ್ಗೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಪತ್ರ ಕೊಟ್ಟು ಉತ್ತರಗಳನ್ನು ಚಾಳಿನ ಫಲಕಕ್ಕೆ ಅಂಟಿಸಬಹುದು. ಯಾವುದೇ ಪಕ್ಷದ ಹಣ, ವಾಹನ, ಚಹಾ ಮುಟ್ಟಬೇಡಿ. ಒಮ್ಮೆ ನಿಮ್ಮನ್ನು ಒಂದು ಪಕ್ಷದವರೆಂದು ಜನ ಗುರುತಿಸಿದರೆ ಮುಂದಿನ ಸಲ ಅರ್ಧ ಬಾಗಿಲುಗಳು ತೆರೆಯುವುದಿಲ್ಲ. ಮತಕ್ಕೆ ಹಣ ಹಂಚುವುದು ಕಂಡರೆ ಜಗಳಕ್ಕೆ ಇಳಿಯದೆ, ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಚುನಾವಣಾ ಆಯೋಗದ ಸಿ-ವಿಜಿಲ್ ದೂರು ಸೌಲಭ್ಯದಲ್ಲಿ ಫೋಟೋ ಸಹಿತ ದೂರು ಕೊಡಿ.

ಹೋಟೆಲು, ಅಂಗಡಿ, ಕಾರ್ಖಾನೆಗಳ ಮಾಲೀಕರನ್ನು ಮತದಾನಕ್ಕೆ ಹದಿನೈದು ದಿನ ಮೊದಲೇ ಕಾಣಬೇಕು. ಲೋಕಸಭೆ, ವಿಧಾನಸಭೆ ಮತದಾನದ ದಿನ ನೌಕರರಿಗೆ, ದಿನಗೂಲಿಯವರಿಗೂ, ಸಂಬಳ ಸಹಿತ ರಜೆ ಕೊಡಬೇಕೆಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ವಿಧಿ ಹೇಳುತ್ತದೆ. ನಮ್ಮವರೇ ಆದ ಮಾಲೀಕರ ಮುಂದೆ ಕಾಯ್ದೆಯ ಪುಸ್ತಕ ಬಿಚ್ಚುವುದಕ್ಕಿಂತ ಪಾಳಿಯ ಪಟ್ಟಿಯನ್ನು ಅವರೊಂದಿಗೆ ಕುಳಿತು ಬರೆಯುವುದರಿಂದ ಕೆಲಸ ಬೇಗ ಆಗುತ್ತದೆ, ಆದರೆ ವಿಧಿಯ ಸಂಖ್ಯೆ ನಿಮ್ಮ ನೆನಪಿನಲ್ಲಿರಲಿ.

ಎಂಬತ್ತೈದು ದಾಟಿದವರು ಮತ್ತು ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಈ ಎರಡು ಚುನಾವಣೆಗಳಲ್ಲಿ ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ಅಧಿಸೂಚನೆ ಹೊರಟ ಐದು ದಿನದೊಳಗೆ ನಮೂನೆ 12ಡಿ ಕೊಡಬೇಕಾದ್ದರಿಂದ ಇವರ ಹೆಸರುಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ.

ಹಂತ 9: ಮತದಾನದ ದಿನ

ಹಿಂದಿನ ಸಂಜೆ ಪ್ರತಿ ಮನೆಗೂ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಕೊಠಡಿ ಬರೆದ ಚೀಟಿ ತಲುಪಿರಬೇಕು. ಅದು ದಾರಿ ತೋರಿಸುವ ಚೀಟಿ ಮಾತ್ರ, ಗುರುತಿನ ದಾಖಲೆಯಲ್ಲ. ಮತದಾರರ ಗುರುತಿನ ಚೀಟಿ ಇಲ್ಲದವರು ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಇವುಗಳಲ್ಲಿ ಒಂದರ ಮೂಲಪ್ರತಿ ಒಯ್ಯಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಊರಿನ ವಿಳಾಸದ ಆಧಾರ್ ಇಲ್ಲಿ ನಡೆಯುತ್ತದೆ, ಏಕೆಂದರೆ ಈಗ ತೋರಿಸಬೇಕಾದುದು ವಿಳಾಸವನ್ನಲ್ಲ, ತಾನು ಯಾರೆಂಬುದನ್ನು. ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಬರಲು ಹೇಳಿ. ಮತಗಟ್ಟೆಯ ಬಾಗಿಲಿನಿಂದ ಅದಕ್ಕಾಗಿ ಮರಳಿ ಹೋದವರಲ್ಲಿ ಎಲ್ಲರೂ ಮತ್ತೆ ಬರುವುದಿಲ್ಲ.

ಮತಗಟ್ಟೆಯಿಂದ ನೂರು ಮೀಟರಿನೊಳಗೆ ಮತ ಯಾಚನೆ ನಿಷಿದ್ಧ. ಸಂಘದ ಬಿಲ್ಲೆ ತೊಟ್ಟಿದ್ದರೂ ಆ ಗೆರೆಯ ಹೊರಗೇ ನಿಲ್ಲಿ. ಕಣ್ಣು ಕಾಣದವರಿಗೆ, ಅಶಕ್ತರಿಗೆ ಸಹಾಯಕರಾಗಿ ಒಳಗೆ ಹೋಗುವವರು ಹದಿನೆಂಟು ತುಂಬಿದವರಾಗಿರಬೇಕು ಮತ್ತು ಆ ದಿನ ಒಬ್ಬರಿಗೆ ಮಾತ್ರ ಸಹಾಯಕರಾಗಬಹುದು. ಆದ್ದರಿಂದ ಮೂವರು ಅಜ್ಜಿಯರಿದ್ದರೆ ಮೂವರು ಮೊಮ್ಮಕ್ಕಳನ್ನು ಗೊತ್ತುಮಾಡಿ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ಯಾರದಾದರೂ ಮತವನ್ನು ಬೇರೆಯವರು ಆಗಲೇ ಹಾಕಿಬಿಟ್ಟಿದ್ದರೆ ಸುಮ್ಮನೆ ಮರಳಬಾರದು. ಗುರುತು ಸಾಬೀತುಪಡಿಸಿ ಟೆಂಡರ್ಡ್ ಮತಪತ್ರ (ಇಂಥವರಿಗೆ ಪ್ರತ್ಯೇಕವಾಗಿ ಕೊಡುವ ಕಾಗದದ ಮತಪತ್ರ) ಕೇಳುವ ಹಕ್ಕು ಅವರಿಗಿದೆ, ಮತ್ತು ಈ ಎರಡು ಪದಗಳನ್ನು ಕನ್ನಡದಲ್ಲಿಯೇ ಒಂದು ಕಾಗದದ ಮೇಲೆ ಬರೆದು ಪ್ರತಿ ಗುಂಪಿನ ಮುಂದಾಳಿನ ಕಿಸೆಯಲ್ಲಿ ಇಟ್ಟಿರಬೇಕು. ಸಮಯ ಮುಗಿಯುವ ಕ್ಷಣಕ್ಕೆ ಸಾಲಿನಲ್ಲಿ ನಿಂತಿದ್ದವರೆಲ್ಲರಿಗೂ ಮತ ಹಾಕುವ ಅವಕಾಶ ಸಿಗುತ್ತದೆ, ಹಾಗಾಗಿ ಸಂಜೆಯ ಪಾಳಿ ಮುಗಿಸಿ ಓಡಿಬಂದವರನ್ನು ತಡವಾಯಿತೆಂದು ತಿರುಗಿಸಬೇಡಿ.

ಸಂಜೆ ನೋಟ್‌ಬುಕ್ ತೆರೆದು, ಮತ ಹಾಕಲಾಗದೆ ಮರಳಿದವರ ಹೆಸರಿನ ಮುಂದೆ ಕಾರಣ ಬರೆಯಿರಿ: ಪಟ್ಟಿಯಲ್ಲಿ ಇರಲಿಲ್ಲ, ಬೇರೆ ಮತಗಟ್ಟೆ, ರಜೆ ಸಿಗಲಿಲ್ಲ. ಆ ರಾತ್ರಿ ಎಲ್ಲರಿಗೂ ದಣಿವಾಗಿರುತ್ತದೆ, ಆದರೆ ಮರುದಿನದ ಹೊತ್ತಿಗೆ ಕಾರಣಗಳು ಕಲಸಿಹೋಗುತ್ತವೆ. ಮೊದಲ ಕಾರಣದವರ ಮನೆಗೆ ಅದೇ ವಾರದ ಭಾನುವಾರ ನಮೂನೆ 6 ಮತ್ತು ನಮೂನೆ 8 ಎರಡನ್ನೂ ಹಿಡಿದುಕೊಂಡು ಹೋಗಿ. ಮೇ ತಿಂಗಳಿನಲ್ಲಿ ಮರಳಿ ಬಂದಿದ್ದ ಆ ಮೂವರ ಪೈಕಿ ಇಬ್ಬರ ಹೆಸರು ನವೆಂಬರ್ 20ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಪಟ್ಟಿಗೆ ಸೇರಿತ್ತು. ಮೂರನೆಯವರ ಅರ್ಜಿ ಎರಡು ಸಲ ತಿರಸ್ಕೃತವಾಗಿ, ಪಾಸ್‌ಬುಕ್ಕಿನ ವಿಳಾಸ ಬದಲಾದ ಮೇಲೆ ಮೂರನೆಯ ಸಲ ಮಂಜೂರಾಯಿತು.